ಗಾಜಿನ ತೊಟ್ಟಿ ಪಳಗಿದ ಆರು ವಾರ

ಹೆದರದವರ ಬಾಳಿನಲ್ಲಿ ಇಂಥ ಪ್ರಸಂಗಗಳು ನಡೆಯುವುದಿಲ್ಲ. ನಡೆದರೂ ಅವರ ಗಮನಕ್ಕೆ ಬರುವುದಿಲ್ಲ. ನನ್ನಂಥ ಪುಕ್ಕಲರ ವಿಳಾಸ ಹುಡುಕಿಕೊಂಡೇ ಇವು ಬರುತ್ತವೆ. ಬಾಗಿಲು ಜೋರಾಗಿ ಹಾಕಿಕೊಂಡರೆ ಬೆಚ್ಚುವವನು ನಾನು. ಹಲ್ಲಿ ಲೊಚಗುಟ್ಟಿದರೆ ಅದು ಏನು ಹೇಳಿತು ಎಂದು ಅರ್ಧ ದಿನ ಯೋಚಿಸುವವನು. ಇಂಥ ನಾನು ತೊಂಬತ್ತರ ದಶಕದಲ್ಲಿ ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕದ ಒಂದು ಸಸ್ಯಾಹಾರಿ ಹೋಟೆಲಿಗೆ ಮ್ಯಾನೇಜರಾದೆ. ಮಾಲೀಕರು ಪಾಂಡವಪುರ ಕಡೆಯ ಗೌಡರು. ಕಬ್ಬಿನ ಗದ್ದೆಯ ಆ ತುದಿಯಲ್ಲಿರುವ ಆಳನ್ನು ಈ ತುದಿಯಿಂದ ಕರೆದು ಕರೆದು ಬೆಳೆದ ಗಂಟಲು ಅವರದು. ಅವರು ‘ಕಾಫಿ’ ಎಂದರೆ ಮೂಲೆ ಟೇಬಲ್ಲಿನ ಗಿರಾಕಿ ಎದ್ದು ನಿಲ್ಲುತ್ತಿದ್ದ.

ಕೆಲಸ ಕೇಳಲು ಹೋದ ದಿನ, “ಏನೇನ್ ಬತ್ತದಯ್ಯಾ ನಿಂಗೆ?” ಎಂದು ಕೇಳಿದ್ದರು. ಹೆದರಿಕೆಯಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ: ಟೈಪಿಂಗು, ಸ್ವಲ್ಪ ಇಂಗ್ಲಿಷು, ಮೀನು ಸಾಕುವುದು. ಮೂರನೆಯದು ಯಾಕೆ ಬಂತೋ ಇವತ್ತಿಗೂ ತಿಳಿಯದು. ಚಿಕ್ಕಂದಿನಲ್ಲಿ ಒಂದು ಗಾಜಿನ ಬಾಟಲಿಯಲ್ಲಿ ಎರಡು ಮೀನು ಇಟ್ಟುಕೊಂಡಿದ್ದೆ. ಭಾನುವಾರ ಬಂದವು, ಬುಧವಾರ ಹೋದವು. ನನ್ನ ಅನುಭವ ಅಷ್ಟೇ.

ಒಂದು ವರ್ಷ ಕಳೆಯಿತು. ಗೌಡರು ಯಾವುದೋ ಮದುವೆಗೆ ಮದ್ರಾಸಿಗೆ ಹೋಗಿ ಬಂದರು. ಅಲ್ಲಿನ ದೊಡ್ಡ ಹೋಟೆಲಿನಲ್ಲಿ ಗೋಡೆಯಷ್ಟು ಗಾಜಿನ ತೊಟ್ಟಿ, ಅದರಲ್ಲಿ ಸಮುದ್ರದ ಬಣ್ಣಬಣ್ಣದ ಮೀನು, ಜನ ಊಟ ಮರೆತು ನೋಡುತ್ತಿದ್ದರಂತೆ. ಬಂದವರೇ ನನ್ನ ಮುಂದೆ ನಿಂತು, “ಲೇ ಮ್ಯಾನೇಜ್ರು, ನಿಂಗೆ ಮೀನು ಗೊತ್ತಲ್ವೇನ್ಲಾ?” ಎಂದರು.

ಗೊತ್ತಿಲ್ಲ ಎನ್ನಲು ಧೈರ್ಯ ಬೇಕಾಗಿತ್ತು. ಗೊತ್ತು ಎಂದೆ.

ಒಂದು ಪದ ಹುಡುಕಿದ್ದು

ಹತ್ತು ದಿನದಲ್ಲಿ ಮದ್ರಾಸಿನ ಮೀನಿನ ವ್ಯಾಪಾರಿ ವ್ಯಾನಿನಲ್ಲಿ ಬಂದ. ಆರು ಅಡಿ ಗಾಜಿನ ತೊಟ್ಟಿ, ಕ್ಯಾನುಗಟ್ಟಲೆ ಸಮುದ್ರದ ನೀರು, ಮರಳು, ತೂತುತೂತಾದ ಕಲ್ಲು, ಗಾಳಿ ಊದುವ ಪಂಪು ಎಲ್ಲ ಬಂತು. ಮೀನು ಮಾತ್ರ ಬರಲಿಲ್ಲ. ಊಟದ ಹಾಲಿನ ನಡುವೆ ಎಲ್ಲ ಜೋಡಿಸಿ, ನನ್ನನ್ನು ಪಕ್ಕಕ್ಕೆ ಕರೆದು ಅವನು ಹೇಳಿದ್ದಿಷ್ಟು: ಹೊಸ ನೀರಿಗೆ ಮೀನು ಬಿಟ್ಟರೆ ಅದರ ಹೊಲಸಿನಿಂದಲೇ ನೀರು ವಿಷವಾಗಿ ಸಾಯುತ್ತದೆ. ಮೊದಲು ಒಂದು ಸೀಗಡಿ ಹಾಕಿ ಕೊಳೆಸಬೇಕು. ಕೊಳೆತರೆ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಆ ವಿಷವನ್ನು ತಿನ್ನುವ, ಕಣ್ಣಿಗೆ ಕಾಣದ ಜೀವಿಗಳು ಆಮೇಲೆ ಬೆಳೆಯುತ್ತವೆ. ಅವು ಅದನ್ನು ಇನ್ನೊಂದು ವಿಷ ಮಾಡುತ್ತವೆ. ಅದನ್ನು ತಿನ್ನಲು ಇನ್ನೊಂದು ಜಾತಿ ಜೀವಿ ಬೆಳೆಯಬೇಕು. ಎಲ್ಲ ವಿಷ ಇಳಿಯಲು ಆರು ವಾರ. ಆರು ವಾರಕ್ಕೆ ಮೀನು ತರುತ್ತೇನೆ.

ಇದನ್ನು ಗೌಡರಿಗೆ ಹೇಳುವ ಕೆಲಸ ನನ್ನದಾಯಿತು. ಅಮೋನಿಯಾ ಎಂದ ಕೂಡಲೇ ಅವರ ಹುಬ್ಬು ಮೇಲೆ ಹೋಯಿತು. ಭಯದಲ್ಲಿ ನನಗೆ ಹೊಳೆದದ್ದು ಒಂದೇ ಪದ.

“ತೊಟ್ಟಿ ಪಳಗ್ಬೇಕು ಗೌಡ್ರೇ.”

“ಅಂಗನ್ನು ಮತ್ತೆ! ಹೊಸ ಮಡಕೆ ಪಳಗುಸ್ದಂಗೆ. ಅದುನ್ನ ಸುತ್ತಿ ಬಳಸಿ ಏಳ್ತೀಯಲ್ಲ,” ಎಂದು ಅವರು ಒಪ್ಪಿಬಿಟ್ಟರು. ಆಮೇಲೆ ಒಂದು ಬೆರಳೆತ್ತಿದರು. “ಆರು ವಾರಕ್ಕೆ ಜಿಲ್ಲೆ ದೊಡ್ಡ ಸಾಹೇಬ್ರುನ್ನ ಕರ್ಸಿ ಅವ್ರ ಕೈಲಿ ಮೀನು ಬುಡುಸ್ತೀನಿ. ಅವತ್ತು ಒಂದೇ ಒಂದು ಮೀನು ಒಟ್ಟೆ ಮೇಲಾಗಿ ತೇಲ್ತು ಅಂದ್ರೆ, ನೀನು ಗಂಟುಮೂಟೆ ಕಟ್ಟು. ಇನ್ನೊಂದು ಮಾತು. ಸೀಗಡಿ ವಿಸ್ಯ ನಮ್ಮ ಅಡುಗೆ ಸ್ವಾಮಿಗೋಳ್ಗೆ ಗೊತ್ತಾಗ್ಬಾರ್ದು. ಅವ್ರು ಓದ್ರೆ ಪುಳಿಯೋಗರೆ ಓಯ್ತು, ಪುಳಿಯೋಗರೆ ಓದ್ರೆ ಹೋಟ್ಲು ಓಯ್ತು.”

ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಗಂಜಾಮಿನಲ್ಲಿ ಬಾಡಿಗೆ ಮನೆ. ಬೇರೆ ಕೆಲಸವನ್ನು ನನಗಾಗಿ ಯಾರೂ ತೆಗೆದಿಟ್ಟಿರಲಿಲ್ಲ. ಅವತ್ತು ಮನೆಗೆ ಹೋಗಿ, “ನಮ್ಮ ಬದುಕು ಒಂದು ಸೀಗಡಿ ಸರಿಯಾಗಿ ಕೊಳೆಯುವುದರ ಮೇಲಿದೆ,” ಎಂದೆ. ಹೆಂಡತಿ ಹಣೆ ಮುಟ್ಟಿ ಜ್ವರ ನೋಡಿದಳು.

ಬಿಳಿ ಗಂಟು

ಅಡುಗೆ ಸ್ವಾಮಿಗಳು ಮೇಲುಕೋಟೆಯವರು. ಮಡಿ ಎಂದರೆ ಮಡಿ. ಈರುಳ್ಳಿ ಹೆಚ್ಚುವ ಮಣೆಯ ನೆರಳು ಬಿದ್ದರೂ ಕೈ ತೊಳೆಯುವವರು. ಅವರು ಒಲೆಯ ಮುಂದೆ ಇರುವ ಹೊತ್ತು ನೋಡಿಕೊಂಡು, ವ್ಯಾಪಾರಿ ಕೊಟ್ಟ ಸೀಗಡಿಯನ್ನು ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿ, ದಾರ ಬಿಗಿದು, ಕಲ್ಲಿನ ಹಿಂದೆ ಇಳಿಬಿಟ್ಟೆ. ಬಿಚ್ಚಿಕೊಂಡೀತೆಂಬ ಭಯಕ್ಕೆ ಗಂಟಿನ ಮೇಲೆ ಗಂಟು ಹಾಕಿ ಏಳು ಗಂಟಾಗಿತ್ತು.

ಮೂರನೆಯ ದಿನ ಬೆಳಿಗ್ಗೆ ಹೋಟೆಲಿಗೆ ಬಂದರೆ ಒಲೆ ಉರಿದಿಲ್ಲ. ಸಪ್ಲೈಯರುಗಳೆಲ್ಲ ಅಂಗಳದಲ್ಲಿ ನಿಂತಿದ್ದಾರೆ. ಸ್ವಾಮಿಗಳು ತೊಟ್ಟಿಯಿಂದ ಹತ್ತಡಿ ದೂರದಲ್ಲಿ ಬೆರಳು ತೋರಿಸುತ್ತಾ ನಿಂತಿದ್ದಾರೆ.

“ಮ್ಯಾನೇಜರೇ, ನೋಡಿದಿರಾ? ಬಿಳಿ ಬಟ್ಟೆ. ಏಳು ಗಂಟು. ನೀರಿನಲ್ಲಿ ಮುಳುಗಿಸಿದ್ದಾರೆ. ಯಾರೋ ನಮಗಾಗದವರು ಮಾಟ ಮಾಡಿಸಿದ್ದಾರೆ!”

ಅದು ಸೀಗಡಿ ಎಂದರೆ ಸ್ವಾಮಿಗಳು ಆ ಕ್ಷಣವೇ ಮೇಲುಕೋಟೆ ಬಸ್ಸು ಹತ್ತುತ್ತಾರೆ. ಮಾಟ ಎಂದರೆ ಉಳಿದವರೆಲ್ಲ ಸಿಕ್ಕಿದ ಬಸ್ಸು ಹತ್ತುತ್ತಾರೆ. ಇಷ್ಟರಲ್ಲಿ ಒಬ್ಬ ಸಪ್ಲೈಯರು, “ಬಿಚ್ಚಿ ನೋಡುವಾ ಸಾ,” ಎಂದು ಕೋಲು ತಂದ. ಬಿಚ್ಚಿದರೆ ಮುಗಿಯಿತು.

“ಮುಟ್ಟಬೇಡ!” ಎಂದು ಕೂಗಿದೆ. “ಸ್ವಾಮಿಗಳೇ, ಅದು ಮಾಟ ಅಲ್ಲ. ಹೋಟೆಲಿಗೆ ಕಣ್ಣುದೃಷ್ಟಿ ತಾಕಬಾರದು ಅಂತ ಗೌಡರೇ ಕಟ್ಟಿಸಿದ್ದು. ಒಳಗೆ ಏನಿದೆ ಅಂತ ಕೇಳಬಾರದು. ಕೇಳಿದರೆ ಫಲ ಹೋಗುತ್ತೆ.”

ಸ್ವಾಮಿಗಳ ಮುಖಕ್ಕೆ ಕಳೆ ಮರಳಿತು. ಗಂಟಿಗೆ ಕೈಮುಗಿದು ಕಣ್ಣಿಗೊತ್ತಿಕೊಂಡು ಒಲೆಯ ಕಡೆ ನಡೆದರು. ನಾನು ಕುರ್ಚಿ ಹಿಡಿದು ಕುಳಿತೆ. ಪಾಪಪ್ರಜ್ಞೆ ಎಂದರೆ ಏನೆಂದು ಅವತ್ತು ತಿಳಿಯಿತು. ನಾಲ್ಕೇ ದಿನಕ್ಕೆ ಹಾಲಿನಲ್ಲಿ ಸಣ್ಣ ವಾಸನೆ ಶುರುವಾಯಿತು. ಈಗ ಸಿಕ್ಕಿಬಿದ್ದೆ ಎಂದುಕೊಂಡೆ. ಸ್ವಾಮಿಗಳು ಮೂಗು ಅರಳಿಸಿ, “ದೃಷ್ಟಿಯೆಲ್ಲ ಎಳೆದುಕೊಳ್ಳುತ್ತಾ ಇದೆ, ಅದಕ್ಕೇ ಈ ವಾಸನೆ,” ಎಂದರು.

ಅಲ್ಲಿಂದ ಎರಡು ವಾರ, ಮಡಿಯುಟ್ಟ ಸ್ವಾಮಿಗಳು ದಿನಾ ಬೆಳಿಗ್ಗೆ ಆ ಸೀಗಡಿಗೆ ಎರಡು ಊದಿನಕಡ್ಡಿ ಹಚ್ಚಿ ಕೈಮುಗಿದರು.

ಕಾಲು ಮೇಲೆ

‘ಪಳಗಿಸುವುದು’ ಎಂಬ ನನ್ನ ಪದ ಹೋಟೆಲು ದಾಟಿ ಹೊರಗೆ ಹೋಗಿತ್ತು. ಮಡಕೆಯನ್ನೂ ಪಳಗಿಸುತ್ತಾರೆ, ಆನೆಯನ್ನೂ ಪಳಗಿಸುತ್ತಾರೆ. ಮಡಕೆಯ ಅರ್ಥ ಹೋಟೆಲಿನಲ್ಲೇ ಉಳಿಯಿತು, ಆನೆಯ ಅರ್ಥ ಊರು ಸುತ್ತಿತು.

ಒಂದು ಮಧ್ಯಾಹ್ನ ಕೆ.ಆರ್. ಪೇಟೆ ಕಡೆಯ ಒಂದು ಕುಟುಂಬ ದೇವಸ್ಥಾನ ಮುಗಿಸಿಕೊಂಡು ಊಟಕ್ಕೆ ಬಂತು. ತೊಟ್ಟಿಯ ಪಕ್ಕದ ಟೇಬಲ್ಲಿನಲ್ಲಿ ಕುಳಿತರು. ಮನೆಯ ಯಜಮಾನ ಗಾಜಿಗೆ ಮೂಗು ತಾಗಿಸಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಬಗ್ಗಿ ತಳಕ್ಕೆ ನೋಡಿದ. ಬರೀ ನೀರು, ಬರೀ ಗುಳ್ಳೆ.

“ಅಲ್ಲ ಸಾಮಿ, ಇದ್ರೊಳ್ಗೆ ಏನೋ ಪಳಗುಸ್ತಾವ್ರೆ ಅಂದ್ರಲ್ಲ, ಏನದು?”

ನನಗೆ ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. ನಿಜ ಹೇಳಿದೆ: “ಕಣ್ಣಿಗೆ ಕಾಣದ ಜೀವಿಗಳು.”

“ಎಷ್ಟವೆ?”

“ಲೆಕ್ಕವಿಲ್ಲದಷ್ಟು.”

“ತಿನ್ನಕ್ಕೆ ಏನಾಕ್ತೀರಿ?”

“ವಿಷ.”

ಯಜಮಾನ ನಿಧಾನವಾಗಿ ಎರಡೂ ಕಾಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡ. ಹೆಂಡತಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಆಕೆಯೂ ಇಟ್ಟುಕೊಂಡಳು. ಮುದುಕಿಯನ್ನು ಎತ್ತಿ ಕೂರಿಸಿದರು. ಏಳು ಜನ ಕಾಲು ಮೇಲೆ ಮಡಚಿಕೊಂಡು, ಅನ್ನ ಸಾರು ಮಜ್ಜಿಗೆ ಎಲ್ಲ ಮುಗಿಸಿದರು. ಹೋಗುವಾಗ ಯಜಮಾನ ನನ್ನ ಕಿವಿಯ ಹತ್ತಿರ ಬಂದು, “ಊಟ ಸಂದಾಗಿತ್ತು. ಯಾವ್ದುಕ್ಕೂ ಮುಚ್ಚಳ ಗಟ್ಟಿಯಾಗ್ ಹಾಕಿ,” ಎಂದ.

ಈರುಳ್ಳಿ

ನಮ್ಮಲ್ಲಿ ದೋಸೆ ಹಾಕುವವನು ನಾಗಮಂಗಲದವನು. ಬಹಳ ಒಳ್ಳೆಯವನು. ಹೇಳಿದ ಕೆಲಸ ಮಾಡುತ್ತಿದ್ದ, ಹೇಳದ ಕೆಲಸವನ್ನೂ ಮಾಡುತ್ತಿದ್ದ. ನನಗೆ ಭಯವಿದ್ದದ್ದು ಹೇಳದ ಕೆಲಸದ ಬಗ್ಗೆ.

ಮೂರನೆಯ ವಾರ, ತಿಂಡಿಯ ಗಲಾಟೆ ಮುಗಿದ ಹೊತ್ತು. ತರಕಾರಿ ಇಳಿಸಿಕೊಂಡು ಒಳಗೆ ಬರುತ್ತೇನೆ, ಅವನು ಸ್ಟೂಲು ಹತ್ತಿ ತೊಟ್ಟಿಯ ಮೇಲೆ ಬಗ್ಗಿದ್ದಾನೆ. ಬಲಗೈಯಲ್ಲಿ ಅರ್ಧ ಹೋಳು ಈರುಳ್ಳಿ. ಎಡಗೈಯಲ್ಲಿ ಎಣ್ಣೆ ಬಟ್ಟಲು. ಈರುಳ್ಳಿಯನ್ನು ಎಣ್ಣೆಗೆ ಅದ್ದಿ, ಗಾಜಿನ ಒಳಮೈಗೆ ಮೇಲಿನಿಂದ ನೀರಿನ ತನಕ ಶ್ರದ್ಧೆಯಿಂದ ಉಜ್ಜುತ್ತಿದ್ದಾನೆ.

ನನ್ನ ಬಾಯಿಂದ ಯಾವ ಅಕ್ಷರವೂ ಅಲ್ಲದ ಒಂದು ಶಬ್ದ ಬಂತು.

“ಯಾಕ್ ಸಾ ಅಂಗ್ ಕಿರುಚ್ತೀರಿ? ಮೂರು ವಾರದಿಂದ ಪಳಗ್ನಿಲ್ಲ ಪಳಗ್ನಿಲ್ಲ ಅಂತ ನೀವು ಒದ್ದಾಡೋದ ನೋಡಕ್ಕಾಯ್ತಿಲ್ಲ. ಹೊಸ ಕಾವಲಿ ನಂಗೆ ಕೊಡಿ, ಎಣ್ಣೆ ಈರುಳ್ಳಿ ಉಜ್ಜಿ ಒಂದೊತ್ತಿಗೆ ಪಳಗುಸ್ತೀನಿ. ಇದೇನ್ ಮಹಾ?”

ನೀರಿನ ಮೇಲೆ ಒಗ್ಗರಣೆ ಬಿದ್ದ ಸಾರಿನಂತೆ ಎಣ್ಣೆ ಹರಡಿತ್ತು. ಮೂರು ವಾರ ಬೆಳೆಸಿದ ನನ್ನ ಕಾಣದ ಜೀವಿಗಳು ಉಸಿರು ಕಟ್ಟಿ ಸಾಯುತ್ತಿರುವುದು ನನಗೆ ಕಂಡಂತೆಯೇ ಆಯಿತು. ಅವತ್ತಿನ ಪೇಪರಿನ ಒಂದೊಂದೇ ಹಾಳೆಯನ್ನು ನೀರಿನ ಮೇಲೆ ಹಾಸಿ, ಎಣ್ಣೆ ಹೀರಿಸಿ, ಎತ್ತಿ ಬಿಸಾಡಿದೆ. ಪೇಪರು ಮುಗಿಯಿತು. ಹಿಂದಿನ ವಾರದ್ದೂ ಮುಗಿಯಿತು. ದೋಸೆಯವನು ಕೈಕಟ್ಟಿ ನಿಂತು ನೋಡಿ, ನಿಟ್ಟುಸಿರು ಬಿಟ್ಟ.

“ನೀವು ಇಂಗೆ ಒರುಸ್ತಾ ಇದ್ರೆ ಆರು ತಿಂಗ್ಳಾದ್ರೂ ಪಳಗಲ್ಲ ಸಾ. ನಾನು ಉಜ್ಜಿದ್ದಕ್ಕೆ ಇಷ್ಟೊತ್ತಿಗೆ ಗರಿಗರಿ ಹತ್ತು ದೋಸೆ ಎದ್ದಿರೋವು.”

ಬಸ್ಸಿನಲ್ಲಿ ವಿಷ

ವಿಷ ಏರಿತೋ ಇಳಿಯಿತೋ ಎಂದು ನೋಡಲು ವಾರಕ್ಕೊಮ್ಮೆ ನೀರು ಪರೀಕ್ಷಿಸಬೇಕಿತ್ತು. ಪಾಂಡವಪುರದ ಕಾಲೇಜಿನಲ್ಲಿ ನನ್ನ ಸ್ನೇಹಿತರೊಬ್ಬರು ಕೆಮಿಸ್ಟ್ರಿ ಮೇಷ್ಟ್ರು. ಸೀಸೆಯಲ್ಲಿ ತೊಟ್ಟಿ ನೀರು ತುಂಬಿಕೊಂಡು ಬಸ್ಸಿನಲ್ಲಿ ಹೋದರೆ, ಅವರು ಏನೋ ಎರಡು ಹನಿ ಬಿಡುತ್ತಿದ್ದರು. ನೀರು ಹಳದಿಯಾದರೆ ವಿಷ ಇದೆ, ಬಣ್ಣ ಬರದಿದ್ದರೆ ಇಲ್ಲ.

ನಾಲ್ಕನೆಯ ವಾರ ಹೋದಾಗ ಅವರು ತರಗತಿಯಲ್ಲಿದ್ದರು. ಬಾಗಿಲಿಗೆ ಕರೆದು ಸ್ವಲ್ಪ ನೀರು ಕೊಟ್ಟು, ಉಳಿದದ್ದನ್ನು ಸೀಸೆಯಲ್ಲೇ ಇಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಬಂದು ಕಿಟಕಿ ಪಕ್ಕ ಕುಳಿತೆ. ಬಸ್ಸು ಹೊರಡುವ ಹೊತ್ತಿಗೆ ಮೇಷ್ಟ್ರು ಸೈಕಲ್ಲಿನಲ್ಲಿ ಬಂದರು. ಬಸ್ಸಿನ ಜೊತೆಗೇ ತುಳಿಯುತ್ತಾ, ಕಿಟಕಿಯತ್ತ ನೋಡಿ ಕೂಗಿದರು:

“ಇನ್ನೂ ವಿಷ ಇದೆ ಕಣ್ರೀ! ಚೆನ್ನಾಗೇ ಇದೆ! ಒಂದು ಮೀನೂ ಉಳಿಯಲ್ಲ! ಇನ್ನೆರಡು ವಾರ ತಡೀರಿ!”

ಬಸ್ಸು ಮುಂದೆ ಹೋಯಿತು. ಮೇಷ್ಟ್ರು ಹಿಂದೆ ಉಳಿದರು. ಬಸ್ಸಿನಲ್ಲಿದ್ದವರೆಲ್ಲ ನನ್ನನ್ನೂ ನನ್ನ ಸೀಸೆಯನ್ನೂ ನೋಡಿದರು.

ನಮ್ಮ ಕಡೆ ನಾಲೆಗೆ ವಿಷ ಹಾಕಿ ಮೀನು ಹಿಡಿಯುವ ಕಳ್ಳರಿದ್ದಾರೆ. ನೀರು ಕುಡಿದ ದನ ಕಾಯಿಲೆ ಬೀಳುತ್ತವೆ. ಅಂಥವರು ಕೈಗೆ ಸಿಕ್ಕರೆ ಜನ ಸುಮ್ಮನೆ ಬಿಡುವುದಿಲ್ಲ. ಮುಂದಿನ ಸೀಟಿನ ಮೀಸೆಯವನು ಪೂರ್ತಿ ಹಿಂದಕ್ಕೆ ತಿರುಗಿದ. ಅವನ ತೋಳು ನನ್ನ ತೊಡೆಯಷ್ಟಿತ್ತು.

“ಯಾವ್ ನಾಲೆಗ್ಲಾ ಹಾಕಕ್ಕೋಗ್ತಾ ಇರೋದು?”

“ನಾಲೆಗಲ್ಲಣ್ಣ. ನಮ್ಮ ಹೋಟೆಲಿಗೆ.”

ಇದು ಇನ್ನೂ ಕೆಟ್ಟದಾಗಿ ಕೇಳಿಸಿತು. ಹಿಂದಿನ ಸೀಟಿನವನೊಬ್ಬ, ನಿನ್ನೆಯಷ್ಟೇ ಅಲ್ಲಿ ಉಂಡಿದ್ದೆ ಎಂದು ಹೊಟ್ಟೆ ಹಿಡಿದುಕೊಂಡ. ನಾನು ಬೆವೆತು ಹೋದೆ. “ಅಯ್ಯೋ ಇಲ್ಲಣ್ಣ, ಮೀನು ಸಾಯಬಾರದು ಅಂತಲೇ ನೀರಿಗೆ ವಿಷ ಬರಿಸಿರೋದು!” ಎಂದೆ. ಪ್ರತಿ ಅಕ್ಷರವೂ ನಿಜ. ಒಬ್ಬರೂ ನಂಬಲಿಲ್ಲ. ಕಂಡಕ್ಟರು ಬಂದು ಸೀಸೆಯನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯಾಚೆ ಸುರಿದು, “ಶ್ರೀರಂಗಪಟ್ಟಣ ಬರೋಗಂಟ ಇವನ್ನ ಎದ್ದೇಳಕ್ ಬುಡ್ಬ್ಯಾಡಿ,” ಎಂದ. ಮೀಸೆಯವನು ನನ್ನ ಭುಜದ ಮೇಲೆ ಕೈ ಇಟ್ಟ. ಅಷ್ಟು ದೂರವೂ ಆ ಕೈ ಅಲ್ಲೇ ಇತ್ತು. ನಿಲ್ದಾಣದಲ್ಲಿ ನಮ್ಮ ಹೋಟೆಲಿಗೆ ಹಾಲು ಹಾಕುವವನು ನನ್ನನ್ನು ಗುರುತು ಹಿಡಿದು ಬಿಡಿಸಿದ. ಇಲ್ಲದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಇಳಿದು ಮುಖ ಒರೆಸಿಕೊಳ್ಳುತ್ತಿದ್ದೆ. ಅಷ್ಟು ಹೊತ್ತೂ ನನ್ನ ಪಕ್ಕ ಕುಳಿತು ತುಟಿ ಪಿಟಕ್ಕೆನ್ನದ ಬೆಳಗೊಳದ ಅಜ್ಜಿಯೊಬ್ಬಳು ಆಚೀಚೆ ನೋಡಿಕೊಂಡು ಹತ್ತಿರ ಬಂದಳು.

“ಮಗಾ, ಯಾವತ್ತು ಹಾಕ್ತೀಯ ಅಂತ ನಂಗೊಬ್ಳಿಗೆ ಏಳಪ್ಪ. ಬುಟ್ಟಿ ತತ್ತೀನಿ.”

ಕರೆಂಟು ಹೋದದ್ದು

ಐದನೆಯ ವಾರ ಒಂದು ಬೆಳಿಗ್ಗೆ ಕರೆಂಟು ಹೋಯಿತು. ಗಾಳಿ ಊದುವ ಪಂಪು ನಿಂತಿತು. ನೀರಿಗೆ ಗಾಳಿ ಇಲ್ಲದಿದ್ದರೆ ನನ್ನ ಜೀವಿಗಳು ಸಾಯುತ್ತವೆ, ಅವು ಸತ್ತರೆ ವಿಷ ಮತ್ತೆ ಏರುತ್ತದೆ, ಏರಿದರೆ ನನ್ನ ಗಂಟುಮೂಟೆ. ಸ್ಟೂಲು ಹತ್ತಿ, ಸ್ನಾನದ ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು, ಎತ್ತರದಿಂದ ಮತ್ತೆ ಆ ತೊಟ್ಟಿಗೇ ಸುರಿಯತೊಡಗಿದೆ. ಒಂದು ಗಂಟೆಯಾಯಿತು. ಎರಡಾಯಿತು. ಗೌಡರು ಬಂದು ಬಾಗಿಲಲ್ಲಿ ನಿಂತರು.

“ಏನ್ಲಾ ಮಾಡ್ತಾ ಇದ್ದೀಯ?”

“ಉಸಿರಾಡಿಸ್ತಾ ಇದ್ದೀನಿ ಗೌಡ್ರೇ.”

“ಯಾರ್ನ?”

“ಕಾಣಲ್ಲ ಗೌಡ್ರೇ.”

ಅವರು ಚೊಂಬನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಬಯ್ಯಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಅವರು ಒಳಗೆ ಹೋಗಿ ಸ್ವಾಮಿಗಳಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು: “ಅವ್ನ ಹೆಂಡ್ರುನ್ನ ಕರ್ಸಿ. ಬರೋವಾಗ ನಿಂಬೆಹಣ್ಣು ತರಕ್ಕೇಳಿ.”

ದೊಡ್ಡ ದಿನ

ಆರು ವಾರ ಮುಗಿಯಿತು. ಕೊನೆಯ ಪರೀಕ್ಷೆಯಲ್ಲಿ ನೀರು ಬಣ್ಣ ತಿರುಗಲಿಲ್ಲ. ಮೇಷ್ಟ್ರು, “ಈಗ ಬಿಡಿ, ಏನೂ ಆಗಲ್ಲ. ಆದರೆ ಹೊಸದಾಗಿ ಏನೂ ಕೊಳೆಯುವಂಥದ್ದು ಬೀಳಬಾರದು,” ಎಂದರು. ಮದ್ರಾಸಿನವನು ಬೆಳಿಗ್ಗೆ ಬಂದು, ನೀಲಿ ಮೀನು ಆರು, ಕಿತ್ತಳೆ ಪಟ್ಟೆಯವು ಎರಡು, ಒಂದು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ತಂದು, ಹೊಸ ನೀರಿಗೆ ಒಗ್ಗಲೆಂದು ಚೀಲವನ್ನೇ ತೊಟ್ಟಿಯಲ್ಲಿ ತೇಲಿಬಿಟ್ಟ. ನಾನು ಎರಡು ದಿನದಿಂದ ಊಟ ಮಾಡಿರಲಿಲ್ಲ. ಎಂಟು ಮೀನು, ಎಂಟರಲ್ಲಿ ಒಂದು ಹೊಟ್ಟೆ ಮೇಲಾದರೂ ಸಾಕು.

ಶಾಮಿಯಾನ ಹಾಕಿದ್ದರು. ಬಾಗಿಲಲ್ಲಿ ಬಾಳೆಕಂದು. ವಾಲಗದವರು ತೊಟ್ಟಿಯ ಪಕ್ಕದಲ್ಲೇ ಕುಳಿತು ಕಿವಿ ತೂತಾಗುವಂತೆ ಊದುತ್ತಿದ್ದರು. ದೊಡ್ಡ ಸಾಹೇಬರು ಬಂದರು, ಹಾರ ಹಾಕಿಸಿಕೊಂಡರು. ಮೀನಿನ ಚೀಲವನ್ನು ಕೈಗೆ ಕೊಟ್ಟಾಗ ಅವರು ನಗುತ್ತಲೇ ನನ್ನ ಕಿವಿಯಲ್ಲಿ ಕೇಳಿದರು: “ಕಚ್ಚುತ್ತೇನ್ರೀ?” ಇಲ್ಲ ಸಾರ್ ಎಂದೆ. “ನಿಮಗೆ ಗ್ಯಾರಂಟಿ ಗೊತ್ತಾ?” ಎಂದರು. ಇವರೂ ನನ್ನಂಥ ಪುಕ್ಕಲು ಜಾತಿಯವರೇ ಎಂದು ಮೊದಲ ಸಲ ಸ್ವಲ್ಪ ಧೈರ್ಯ ಬಂತು.

ಅಷ್ಟರಲ್ಲಿ ಸ್ವಾಮಿಗಳು ತಟ್ಟೆ ಹಿಡಿದು ಬಂದರು. ಅರಿಶಿನ, ಕುಂಕುಮ, ಹೂವು, ತುಪ್ಪ. ಅವರ ಹಿಂದೆ ಗೌಡರು. ರೇಷ್ಮೆ ಪಂಚೆ, ಕೈಯಲ್ಲಿ ದೊಡ್ಡ ತಾಮ್ರದ ಚೊಂಬು. ಚೊಂಬಿನ ತುಂಬ ಅವರ ಮನೆಯ ಎಮ್ಮೆಯ ಗಟ್ಟಿ ಹಾಲು.

ಬಾವಿ ತೋಡಿದರೂ ಬೋರು ಹಾಕಿಸಿದರೂ ಗಂಗೆಗೆ ಹಾಲು ತುಪ್ಪ ಬಿಟ್ಟು ಪೂಜೆ ಮಾಡಿಯೇ ನೀರು ಮುಟ್ಟುವುದು ನಮ್ಮ ಕಡೆಯ ಪದ್ಧತಿ. ಆರು ಅಡಿ ತೊಟ್ಟಿಗೂ ಹಾಲು ಬಿಡುತ್ತಾರೆಯೇ? ಖಂಡಿತ ಬಿಡುತ್ತಾರೆ. ಇದು ನನಗೆ ಯಾಕೆ ಹೊಳೆಯಲಿಲ್ಲ? ಚೊಂಬು ಹಾಲು ಬಿದ್ದರೆ ಸಂಜೆಗೆ ನೀರು ಕೆಡುತ್ತದೆ, ನಾಳೆ ಎಂಟೂ ಮೀನು ತೇಲುತ್ತವೆ.

“ಗೌಡ್ರೇ, ಹಾಲು ಬೇಡ,” ಎಂದೆ. ವಾಲಗದಲ್ಲಿ ಕೇಳಿಸಲಿಲ್ಲ. ಗೌಡರು ಸ್ಟೂಲಿನ ಮೇಲೆ ಒಂದು ಕಾಲಿಟ್ಟರು.

“ಗೌಡ್ರೇ, ದಯವಿಟ್ಟು, ಹಾಲು ಬಿಡಬಾರದು,” ಎಂದೆ, ಇನ್ನೂ ಸ್ವಲ್ಪ ಜೋರಾಗಿ. ಅವರು ಇನ್ನೊಂದು ಕಾಲಿಟ್ಟು, ಮೇಲೆ ನಿಂತು, ಚೊಂಬು ಎತ್ತಿದರು. ಸ್ವಾಮಿಗಳು ವಾಲಗದವರಿಗೆ ಕೈ ತೋರಿಸಿದರು. ಆ ಕೈ ನಾನು ನೋಡಲಿಲ್ಲ. ನಾನು ನೋಡುತ್ತಿದ್ದದ್ದು ಬಾಗುತ್ತಿದ್ದ ಚೊಂಬನ್ನು. ಇದ್ದಬದ್ದ ಉಸಿರನ್ನೆಲ್ಲ ಎಳೆದುಕೊಂಡೆ. ವಾಲಗ ಗಕ್ಕನೆ ನಿಂತಿತು. ಆ ನಿಶ್ಶಬ್ದದ ನಡುವೆ, ಹೆದ್ದಾರಿಯ ಆಚೆಗೂ ಕೇಳಿಸುವಂತೆ ನನ್ನ ದನಿ ಹೊರಟಿತು:

“ಲೇ ಗೌಡಾ! ಇಳಿಯೋ ಕೆಳಕ್ಕೆ!”

ವಾಲಗದವನ ಕೆನ್ನೆ ಊದಿಕೊಂಡಂತೆಯೇ ನಿಂತಿತ್ತು. ದೋಸೆಯವನು ಕಂಬದ ಹಿಂದೆ ಸರಿದ. ಗೌಡರು ನನ್ನನ್ನು ನೋಡಿದರು. ಹುಟ್ಟಿದ ಮೇಲೆ ಅವರಪ್ಪನೂ ಅವರನ್ನು ಹಾಗೆ ಕರೆದಿರಲಿಲ್ಲವಂತೆ. ಆಮೇಲೆ, ಒಂದು ಹನಿಯೂ ಚೆಲ್ಲದೆ, ಮೆಲ್ಲಗೆ ಸ್ಟೂಲಿನಿಂದ ಇಳಿದರು. ಚೊಂಬನ್ನು ಸ್ವಾಮಿಗಳ ಕೈಗೆ ಕೊಟ್ಟರು. ಸ್ವಾಮಿಗಳು ಅದನ್ನು ನೇರವಾಗಿ ಕಾಫಿಗೆ ಒಯ್ದರು.

ಸಾಹೇಬರು ಕಣ್ಣು ಮುಚ್ಚಿಕೊಂಡು ಚೀಲ ಬಗ್ಗಿಸಿದರು. ಎಂಟೂ ಮೀನು ಜಾರಿ ಬಿದ್ದವು. ತಳದಲ್ಲಿ ಒಂದು ಕ್ಷಣ ಅಲ್ಲಾಡದೆ ನಿಂತವು. ಆಮೇಲೆ ಒಂದು ನೀಲಿ ಮೀನು ಬಾಲ ಬೀಸಿತು. ಇನ್ನೊಂದು ಬೀಸಿತು. ಎಂಟೂ ಕಲ್ಲಿನ ಸುತ್ತ ಓಡಾಡತೊಡಗಿದವು. ಅಳು ಬಂತು ನನಗೆ. ಆದರೆ ಶಾಮಿಯಾನದ ಕೆಳಗಿದ್ದ ಒಬ್ಬರೂ ಮೀನು ನೋಡುತ್ತಿರಲಿಲ್ಲ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಜನ ಚದುರಿದ ಮೇಲೆ ಗೌಡರು ನನ್ನನ್ನು ಉಗ್ರಾಣಕ್ಕೆ ಕರೆದರು. ಬಾಗಿಲು ಮುಂದೆ ಮಾಡಿದರು. ಅಕ್ಕಿ ಮೂಟೆಯ ಮೇಲೆ ಕುಳಿತರು. ಗಂಟುಮೂಟೆಯಲ್ಲಿ ಏನೇನು ಕಟ್ಟಬೇಕೆಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ಆಗಿತ್ತು.

“ಯಾಕ್ಲಾ ಅಂಗಂದೆ?”

“ಹೆದರಿಕೆಯಾಯ್ತು ಗೌಡ್ರೇ.”

“ಯಾವ್ದುಕ್ಕೆ?”

“ಮೀನು ಸತ್ತೋದ್ರೆ ಅಂತ.”

“ಸತ್ರೆ ಏನಾಯ್ತಿತ್ತು?”

“ನನ್ನ ಕೆಲಸ ಹೋಗ್ತಿತ್ತು.”

“ಯಾರ್ ತೆಗೀತಿದ್ರು?”

“ನೀವೇ ಗೌಡ್ರೇ.”

ಗೌಡರ ಹುಬ್ಬು ಸಡಿಲವಾಯಿತು. ಮುಖ ನಿಧಾನವಾಗಿ ಅರಳಿತು.

“ಅಂಗಾರೆ ನಂಗೇ ಎದರ್ಕಂಡು ನಂಗೇ ಬಯ್ದೆ ಅನ್ನು!”

“ಹೌದು ಗೌಡ್ರೇ.”

“ಅಂಗೇಳು ಮತ್ತೆ,” ಎಂದು ಎದ್ದು ನನ್ನ ಬೆನ್ನು ತಟ್ಟಿದರು. “ಓಗು, ಕೆಲ್ಸ ನೋಡೋಗು. ಎಲ್ಲಿ ನಿಂಗೆ ನನ್ ಭಯ ಓಗ್ಬುಡ್ತೋ ಅಂತ ನಾನು ಎದರ್ಕಂಬುಟ್ಟಿದ್ದೆ ಕಣ್ಲಾ.”